ಅಡಾಪ್ಟರಿನಿಂದ ಶುರುವಾದ ರಿಪೇರಿ: ಕುಮಟಾದ ಒಂದು ನ್ಯಾಸ್ ಪೆಟ್ಟಿಗೆ

ಎರಡು ಡಿಸ್ಕಿನ ನ್ಯಾಸ್ ಪೆಟ್ಟಿಗೆ, ಅಂದರೆ ಮನೆಯ ಜಾಲಕ್ಕೆ ಜೋಡಿಸಿ ಎಲ್ಲರೂ ಕಡತ ಇಟ್ಟುಕೊಳ್ಳುವ ಪೆಟ್ಟಿಗೆ. ಸ್ವಿಚ್ ಹಾಕಿದರೆ ದೀಪ ಮಿನುಗುತ್ತದೆ, ಡಿಸ್ಕ್ ತಿರುಗಲು ಹೊರಟ ಸದ್ದು ಕೇಳುತ್ತದೆ, ಟಕ್ ಎಂದು ಎಲ್ಲ ಆರಿಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. ಕುಮಟಾದ ಅಕ್ಕನ ಮನೆಯಿಂದ ಘಟ್ಟ ಹತ್ತಿ ಶಿರಸಿಗೆ ನನ್ನ ಮೇಜಿನ ಮೇಲೆ ಬಂದಾಗ ಅದರ ಸ್ಥಿತಿ ಇದು. ಒಳಗಿರುವುದು ಬಹುಪಾಲು ಯಕ್ಷಗಾನದ ಧ್ವನಿಮುದ್ರಣ. ಅಕ್ಕನ ಮಾವ ಹೊನ್ನಾವರ, ಕುಮಟಾ ಕಡೆಯ ಬಯಲಾಟಗಳಲ್ಲಿ ರಾತ್ರಿಯಿಡೀ ಕೂತು ಟೇಪ್‌ರೆಕಾರ್ಡರ್‌ನಲ್ಲಿ ಹಿಡಿದದ್ದು. ಕ್ಯಾಸೆಟ್‌ಗಳಿಗೆ ಬೂಸ್ಟು ಹಿಡಿಯತೊಡಗಿದಾಗ ಭಾವ ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸಿದ್ದರು. ಹಾಡಿದ ಭಾಗವತರಲ್ಲಿ ಹಲವರು ಈಗಿಲ್ಲ, ಕ್ಯಾಸೆಟ್‌ಗಳೂ ಇಲ್ಲ. ಆ ದನಿಗಳು ಎಲ್ಲಿಯಾದರೂ ಉಳಿದಿದ್ದರೆ ಈ ಪೆಟ್ಟಿಗೆಯಲ್ಲಿ ಮಾತ್ರ.

"ಎರಡು ಡಿಸ್ಕ್ ಇದ್ದು, ಒಂದು ಹೋದ್ರೂ ಇನ್ನೊಂದ್ರಲ್ಲಿ ಇರ್ತು ಅಲ್ದಾ?" ಎಂದು ಭಾವ ಫೋನಿನಲ್ಲಿ ಕೇಳಿದರು. ನ್ಯಾಸ್ ಇಟ್ಟುಕೊಂಡ ಬಹುತೇಕ ಮನೆಗಳಲ್ಲಿ ಇದೇ ನಂಬಿಕೆ. ಈ ರಿಪೇರಿಯ ವಿವರವನ್ನೆಲ್ಲ ಬರೆದಿಡುತ್ತಿರುವುದು ಆ ಪ್ರಶ್ನೆಗಾಗಿಯೇ.

ಮೊದಲು ಮಾಡಿದ ಕೆಲಸ: ಎರಡೂ ಡಿಸ್ಕ್ ಹೊರಗೆ ತೆಗೆದು, ಯಾವುದು ಎಡದ ಖಾನೆಯದು, ಯಾವುದು ಬಲದ್ದು ಎಂದು ಮಾರ್ಕರ್‌ನಲ್ಲಿ ಬರೆದೆ. ಪೆಟ್ಟಿಗೆ ಅರೆಬರೆ ಎದ್ದು ಬಿದ್ದು ಮಾಡುವಾಗ ಪ್ರತಿ ಸಲವೂ ಡಿಸ್ಕಿನ ಮೇಲೆ ಏನಾದರೂ ಬರೆಯಲು ಹೊರಡುತ್ತದೆ. ಒಳಗಿನದು ಬೇಕೆಂದಿದ್ದರೆ ಡಿಸ್ಕ್ ಹಾಕಿಟ್ಟು ಸ್ವಿಚ್ ಒತ್ತಿ ಒತ್ತಿ ನೋಡುವ ಅಭ್ಯಾಸ ಬಿಡಬೇಕು.

ಆಮೇಲೆ ಅಡಾಪ್ಟರ್. ಮೇಲೆ 12 ವೋಲ್ಟ್, 5 ಆಂಪಿಯರ್ ಎಂದು ಬರೆದಿದೆ. ಮಲ್ಟಿಮೀಟರ್ ಹಿಡಿದರೆ 12.1 ತೋರಿಸುತ್ತದೆ. ಹಲವರು ಇಷ್ಟಕ್ಕೇ ಅಡಾಪ್ಟರ್ ಸರಿಯಿದೆ ಎಂದು ತೀರ್ಮಾನಿಸಿ ಬೋರ್ಡ್ ಬಿಚ್ಚಲು ಹೋಗುತ್ತಾರೆ. ಭಾರವಿಲ್ಲದೆ, ಅಂದರೆ ಕರೆಂಟ್ ಎಳೆಯುವ ಏನನ್ನೂ ಜೋಡಿಸದೆ, ಅಳೆದ ವೋಲ್ಟೇಜ್‌ನಿಂದ ಏನೂ ಗೊತ್ತಾಗುವುದಿಲ್ಲ. 3.5 ಇಂಚಿನ ಡಿಸ್ಕ್ ನಿಂತಲ್ಲಿಂದ ತಿರುಗಲು ಹೊರಟಾಗ 12 ವೋಲ್ಟಿನ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಎರಡು ಡಿಸ್ಕ್ ಒಟ್ಟಿಗೆ ಎದ್ದರೆ 4. ತಿರುಗಿಕೊಂಡ ಮೇಲೆ ಅದರಲ್ಲಿ ಕಾಲುಭಾಗದಷ್ಟು ಸಾಕು. ಹಾಗಾಗಿ ಗಾಡಿಯ ಇಂಡಿಕೇಟರ್‌ಗೆ ಹಾಕುವ 21 ವ್ಯಾಟಿನ ಬಲ್ಬ್ ಎರಡನ್ನು ಜೋಡಿಸಿ ಭಾರ ಕೊಟ್ಟು ನೋಡಿದೆ. ವೋಲ್ಟೇಜ್ 10ಕ್ಕಿಂತ ಕೆಳಗೆ ಕುಸಿಯಿತು. ಡಿಸ್ಕಿಗೆ 12 ವೋಲ್ಟಿನಲ್ಲಿ ಸಾಮಾನ್ಯವಾಗಿ ಶೇ 10ರಷ್ಟು ಮಾತ್ರ ಹೆಚ್ಚು ಕಡಿಮೆ ನಡೆಯುತ್ತದೆ, ಅಂದರೆ 10.8ಕ್ಕಿಂತ ಕೆಳಗೆ ಇಳಿಯಬಾರದು. ಪೆಟ್ಟಿಗೆ ಪದೇಪದೇ ಆರುತ್ತಿದ್ದುದಕ್ಕೆ ಕಾರಣ ಸಿಕ್ಕಿತು. ಅಡಾಪ್ಟರ್ ಸೀಳಿ ನೋಡಿದರೆ ಹೊರಹರಿವಿನ ಬದಿಯ ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ಅವನ್ನಷ್ಟೇ ಬದಲಿಸಬಹುದಿತ್ತು, ಆದರೆ ವರ್ಷವಿಡೀ ಹಗಲುರಾತ್ರಿ ಉರಿಯುವ ವಸ್ತುವಿಗೆ ಬೆಸುಗೆ ಹಾಕಿದ ಹಳೆಯ ಅಡಾಪ್ಟರ್ ಇಡಲು ಮನಸ್ಸಾಗಲಿಲ್ಲ. ಬಿಚ್ಚುವವರು ಒಂದು ನೆನಪಿಡಿ: ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 325 ವೋಲ್ಟಿನ ಹತ್ತಿರ ನಿಂತಿರುತ್ತದೆ.

ಹೊಸ ಅಡಾಪ್ಟರ್ ಹಾಕಿ, ಡಿಸ್ಕ್ ತೂರಿಸಿ, ಕಳಿಸಿಬಿಡಬಹುದಿತ್ತೇ? ಕಳಿಸಿದ್ದರೆ ಮುದ್ರಣಗಳಿಗೆ ದೊಡ್ಡ ಅಪಾಯ ಆಗುತ್ತಿತ್ತು. ಯಾಕೆ ಎನ್ನುವುದು ಡಿಸ್ಕ್‌ಗಳನ್ನು ಲಿನಕ್ಸ್ (ವಿಂಡೋಸ್‌ನಂಥ ಇನ್ನೊಂದು ವ್ಯವಸ್ಥೆ) ಇರುವ ಕಂಪ್ಯೂಟರಿಗೆ ಸಿಕ್ಕಿಸಿದಾಗ ಗೊತ್ತಾಯಿತು.

ಮನೆಬಳಕೆಯ ಇಂಥ ಪೆಟ್ಟಿಗೆಗಳಲ್ಲಿ ಬಹಳಷ್ಟು ಒಳಗೆ ಓಡಿಸುವುದು ಲಿನಕ್ಸ್. ಬರೆದದ್ದನ್ನೆಲ್ಲ ಎರಡೂ ಡಿಸ್ಕಿನಲ್ಲಿ ಇಡುವ ಪ್ರತಿಬಿಂಬ, ಅಂದರೆ ರೇಡ್-1, ಡಿಸ್ಕ್ ಜೋಡಿಸಲು ಲಿನಕ್ಸಿನಲ್ಲಿರುವ ಮಾಮೂಲಿ ಎಂಡಿ ವ್ಯವಸ್ಥೆಯೇ. ಹಾಗಾಗಿ ಪೆಟ್ಟಿಗೆ ಸತ್ತರೂ ಸಾಮಾನ್ಯವಾಗಿ ಡಿಸ್ಕನ್ನು ಹೊರಗೆ ಓದಬಹುದು. ಮೊದಲು ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ತೆಗೆದೆ. ಎಡದ ಡಿಸ್ಕಿನಲ್ಲಿ 197ನೆಯ ಸಾಲು, ಓದಲಾಗದೆ ಕಾದು ಕುಳಿತ ಸೆಕ್ಟರ್‌ಗಳ (ಡಿಸ್ಕಿನ ಚಿಕ್ಕ ತುಂಡುಗಳ) ಲೆಕ್ಕ, ಸೊನ್ನೆ ಇರಬೇಕಾದದ್ದು ಹತ್ತಾರರಲ್ಲಿತ್ತು. ಬಲದ ಡಿಸ್ಕಿನ ಮೈ ಸ್ವಚ್ಛ, ಆದರೆ 199ನೆಯ ಸಾಲು, ಅಂದರೆ ಡಿಸ್ಕಿಗೂ ಬೋರ್ಡಿಗೂ ನಡುವಿನ ತಂತಿಯಲ್ಲಿ ಆದ ತಪ್ಪುಗಳ ಲೆಕ್ಕ, ಸಾವಿರಗಳಲ್ಲಿ. ಪೆಟ್ಟಿಗೆಯ ಬಲಗಡೆಯ ಸಾಟಾ ಕನೆಕ್ಟರ್‌ಗೆ, ಅಂದರೆ ಡಿಸ್ಕ್ ಸಿಕ್ಕಿಸುವ ಜಾಗಕ್ಕೆ, ಟಾರ್ಚ್ ಬಿಟ್ಟರೆ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು. ಸಮುದ್ರದಿಂದ ಕೂಗಳತೆಯಲ್ಲಿರುವ ಮನೆ, ಕಿಟಕಿಯ ಪಕ್ಕದ ಕಪಾಟು. ಉಪ್ಪುಗಾಳಿ ತಾಮ್ರಕ್ಕೆ ಏನು ಮಾಡುತ್ತದೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ಎಂಡಿ ಜೋಡಿಯನ್ನು ನೋಡಿಕೊಳ್ಳುವ ಎಂಡಿಆಡಮ್ ಎಂಬ ತಂತ್ರಾಂಶದಿಂದ ಪರೀಕ್ಷೆ ಮಾಡಿದಾಗ ಪೂರ್ತಿ ಚಿತ್ರ ಕಂಡಿತು. ಪ್ರತಿ ಡಿಸ್ಕಿನ ತಲೆಬರಹದಲ್ಲಿ ಕೊನೆಗೆ ಬರೆದ ಸಮಯವೂ ಒಂದು ಘಟನಾಸಂಖ್ಯೆಯೂ ಇರುತ್ತವೆ. ಎರಡು ಡಿಸ್ಕ್ ಸರಿಸಮವಾಗಿದ್ದರೆ ಅವು ಹೊಂದಬೇಕು. ಇಲ್ಲಿ ಬಲದ ಡಿಸ್ಕಿನ ಸಮಯ ಹಿಂದಿನ ವರ್ಷದ ಮಳೆಗಾಲಕ್ಕೇ ನಿಂತಿತ್ತು. ಕಿಲುಬಿನಿಂದ ಸಂಪರ್ಕ ತಪ್ಪಿದಾಗ ಪೆಟ್ಟಿಗೆ ಅದನ್ನು ಜೋಡಿಯಿಂದ ಹೊರಹಾಕಿದೆ. ಅಲ್ಲಿಂದೀಚೆಗೆ ಬರೆದದ್ದೆಲ್ಲ ಎಡದ ಒಂದೇ ಡಿಸ್ಕಿಗೆ, ಆಮೇಲೆ ಆ ಡಿಸ್ಕೂ ಕೆಡತೊಡಗಿದೆ. ಎರಡು ಡಿಸ್ಕಿನ ಧೈರ್ಯದಲ್ಲಿದ್ದ ಮನೆ ವರ್ಷದಿಂದ ಒಂದೇ ಡಿಸ್ಕಿನ ಮೇಲೆ ನಡೆದಿತ್ತು. ಪೆಟ್ಟಿಗೆ ಹೇಳಲಿಲ್ಲವೇ ಎಂದರೆ, ಅದರ ಮುಂದಿನ ದೀಪ ಹಸಿರಿನಿಂದ ಕಿತ್ತಳೆಗೆ ತಿರುಗಿತ್ತು, ಅಷ್ಟೇ. ಕಪಾಟಿನ ಬಾಗಿಲು ಹಾಕಿತ್ತು. ಇಮೇಲ್ ಸೂಚನೆಯ ಜಾಗ ಖಾಲಿ.

ಈಗ ಆ ಅಪಾಯದ ಮಾತು. ಹೊಸ ಅಡಾಪ್ಟರ್ ಹಾಕಿ ಎಬ್ಬಿಸಿದ್ದರೆ ಪೆಟ್ಟಿಗೆ "ಮರುಜೋಡಿಸಲೇ?" ಎಂದು ಕೇಳುತ್ತಿತ್ತು. ಹೂಂ ಎಂದರೆ ಎಡದ ಡಿಸ್ಕನ್ನು ಮೊದಲಿಂದ ಕೊನೆವರೆಗೆ ಓದಿ ಬಲದ ಡಿಸ್ಕಿನ ಮೇಲೆ ಬರೆಯುತ್ತಾ ಹೋಗುತ್ತಿತ್ತು. ನಡುವೆ ಎಲ್ಲೋ ಕೆಟ್ಟ ಸೆಕ್ಟರ್ ಎದುರಾಗಿ ನಿಂತುಬಿಟ್ಟರೆ ಎಡದ್ದು ಇನ್ನಷ್ಟು ಜರ್ಜರಿತ, ಬಲದ ಡಿಸ್ಕಿನಲ್ಲಿದ್ದ ಹಳೆಯ ಆದರೆ ಆರೋಗ್ಯವಾದ ಪ್ರತಿ ಅರ್ಧಕ್ಕರ್ಧ ಅಳಿಸಿಹೋದದ್ದು. ಇಂಥ ಗುಂಡಿ ಒತ್ತುವ ಮುಂಚೆ ಎರಡೂ ಡಿಸ್ಕಿನ ಪೂರ್ತಿ ನಕಲು ಕೈಯಲ್ಲಿರಬೇಕು. ನನಗೆ ಇದು ಈ ಕೆಲಸದ ಮೊದಲ ನಿಯಮ, ಇದರಲ್ಲಿ ರಿಯಾಯಿತಿ ಇಲ್ಲ.

ನಕಲು ತೆಗೆದದ್ದು

ಬಲದ್ದು ಸುಲಭ, ತೊಂದರೆಯಿಲ್ಲದೆ ಬಂತು. ಎಡದ್ದಕ್ಕೆ ಗ್ನೂ ಡಿಡಿರೆಸ್ಕ್ಯೂ, ಕೆಟ್ಟ ಡಿಸ್ಕಿನ ನಕಲು ತೆಗೆಯುವ ತಂತ್ರಾಂಶ. ಅದರ ಗುಣವೇನೆಂದರೆ ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಕಚ್ಚಿಕೊಂಡು ಕೂರದೆ ಮುಂದಕ್ಕೆ ಹಾರಿ, ಓದಲಾಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಎಲ್ಲಿ ಬಿಟ್ಟೆ ಎಂಬುದನ್ನು ನಕ್ಷೆಯ ಕಡತದಲ್ಲಿ ಬರೆದುಕೊಳ್ಳುತ್ತದೆ, ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಆ ಕಡತ ಬೇರೆ ಡಿಸ್ಕಿನಲ್ಲಿರಲಿ. ಮೊದಲ ಓಟದಲ್ಲಿ ಕೆಟ್ಟ ಜಾಗವನ್ನು ಕೆರೆಯಬೇಡ ಎಂಬ ಆಯ್ಕೆ ಕೊಟ್ಟೆ. ಎರಡನೆಯದರಲ್ಲಿ ನೇರ ಓದು, ಪ್ರತಿ ಕೆಟ್ಟ ಸೆಕ್ಟರಿಗೆ 3 ಮರುಪ್ರಯತ್ನ. ಡಿಸ್ಕಿನ ಮೇಲೆ ಟೇಬಲ್ ಫ್ಯಾನ್ ತಿರುಗಿಸಿಟ್ಟಿದ್ದೆ. ಕೊನೆಗೆ ಬಾರದೆ ಉಳಿದದ್ದು ಕೆಲವು ಕಿಲೋಬೈಟ್ ಮಾತ್ರ.

ಆ ಕೆಲವು ಕಿಲೋಬೈಟ್ ಯಾವ ಕಡತದಲ್ಲಿವೆ? ಇದನ್ನು ಹುಡುಕುವವರು ಕಡಿಮೆ, ಹುಡುಕಲೇಬೇಕು. ಡಿಡಿರೆಸ್ಕ್ಯೂದಲ್ಲಿ ತುಂಬುವ ವಿಧಾನ ಒಂದಿದೆ: ನಕಲಿನ ಕೆಟ್ಟ ಜಾಗಗಳಲ್ಲಿ ಮಾತ್ರ ನಾವು ಕೊಟ್ಟ ಗುರುತಿನ ಅಕ್ಷರಗಳನ್ನು ಬರೆಯುತ್ತದೆ. ಆಮೇಲೆ ನಕಲನ್ನು ಓದಲು ಮಾತ್ರ ಎಂದು ತೆರೆದು ಆ ಅಕ್ಷರಗಳಿರುವ ಕಡತಗಳನ್ನು ಹುಡುಕಿದರಾಯಿತು. ಮೂರು ಸಿಕ್ಕವು. ಒಂದು ಧ್ವನಿಮುದ್ರಣ, ಒಂದು ಫೋಟೋ, ಒಂದು ಮದುವೆಯ ವಿಡಿಯೋ.

ಕಡತದ ಜಾತಿಯ ಮೇಲೆ ಹಾನಿ ಎಷ್ಟು ಬದಲಾಗುತ್ತದೆ ನೋಡಿ. ಭಾವ ಕ್ಯಾಸೆಟ್ ಇಳಿಸಿದ್ದು ವೇವ್ ರೂಪದಲ್ಲಿ, ಸೆಕೆಂಡಿಗೆ 44,100 ಮಾದರಿ, 16 ಬಿಟ್, ಎರಡು ಚಾನೆಲ್. ಸೆಕೆಂಡಿಗೆ 1,76,400 ಬೈಟ್. 90 ನಿಮಿಷದ ಕ್ಯಾಸೆಟ್ ಒಂದಕ್ಕೆ 950 ಮೆಗಾಬೈಟ್ ಆಸುಪಾಸು. ಜಾಗ ತಿನ್ನುತ್ತದೆ, ಆದರೆ ಅದರಲ್ಲಿ 4 ಕಿಲೋಬೈಟ್ ಕಳೆದುಹೋದರೆ 23 ಮಿಲಿಸೆಕೆಂಡ್ ಅಷ್ಟೇ, ಚಂಡೆಯ ನಡುವೆ ಒಂದು ಚಟ್ ಸದ್ದು. ಅದೇ 4 ಕಿಲೋಬೈಟ್ ಜೆಪೆಗ್ ಫೋಟೋದ ಮಧ್ಯೆ ಹೋದರೆ ಅಲ್ಲಿಂದ ಕೆಳಗಿನ ಅರ್ಧ ಚಿತ್ರ ಬಣ್ಣಗೆಡುತ್ತದೆ ಇಲ್ಲವೇ ಬರೀ ಬೂದುಬಣ್ಣವಾಗುತ್ತದೆ. ಹಳೆಯ ಮುದ್ರಣ ಇಳಿಸುವವರಿಗೆ ನನ್ನ ವಿನಂತಿ: ಮೂಲ ಪ್ರತಿಯನ್ನು ಹಿಂಡಿ ಚಿಕ್ಕದು ಮಾಡಬೇಡಿ, ವೇವ್ ಆಗಿಯೇ ಇರಲಿ.

ಬಲದ ಡಿಸ್ಕಿನ ನಕಲು ಉಪಯೋಗಕ್ಕೆ ಬಂದದ್ದು ಇಲ್ಲಿ. ಆ ಧ್ವನಿಮುದ್ರಣವೂ ಫೋಟೋವೂ ಬಲದ ಡಿಸ್ಕ್ ಹೊರಬೀಳುವ ಮೊದಲೇ ಬರೆದವು, ಆಮೇಲೆ ಬದಲಾಗಿಲ್ಲ. ನಕಲನ್ನು ಜರ್ನಲ್ (ಬಾಕಿ ಬರವಣಿಗೆಯ ದಾಖಲೆ) ಮುಟ್ಟದಂತೆ ತೆರೆದು, ಎರಡೂ ಕಡೆಯ ಕಡತಗಳನ್ನು ಬೈಟಿಗೆ ಬೈಟ್ ಹೋಲಿಸಿದೆ. ಗುರುತು ತುಂಬಿದ ಜಾಗ ಬಿಟ್ಟರೆ ಬೇರೆಲ್ಲೂ ವ್ಯತ್ಯಾಸವಿಲ್ಲ. ಅಂದರೆ ಬಲದ ಡಿಸ್ಕಿನದು ಪೂರ್ತಿ ಸರಿಯಾದ ಪ್ರತಿ. ಎರಡೂ ಉಳಿದವು. ವಿಡಿಯೋ ಹೋದ ವರ್ಷದ್ದು, ಬಲದಲ್ಲಿ ಇರಲಿಲ್ಲ. ಧಾರೆಯ ಹೊತ್ತಿಗೆ ಚಿತ್ರ ಒಂದು ಕ್ಷಣ ಚೂರುಚೂರಾಗಿ ಮತ್ತೆ ಕೂಡಿಕೊಳ್ಳುತ್ತದೆ. ಅದು ಹಾಗೆಯೇ ಇರುತ್ತದೆ.

ಬಾಗಿಲು

ಡೇಟಾ ಕೈಗೆ ಬಂದ ಮೇಲೆ ಪೆಟ್ಟಿಗೆಯ ಲಾಗ್, ಅಂದರೆ ನಡೆದದ್ದನ್ನೆಲ್ಲ ಬರೆದಿಡುವ ದಾಖಲೆ, ಓದಿದೆ. ಹೊರದೇಶದ ಐಪಿ ವಿಳಾಸಗಳಿಂದ ಅಡ್ಮಿನ್ ಹೆಸರಿನಲ್ಲಿ ಒಳಬರುವ ಪ್ರಯತ್ನಗಳು, ಸಾಲುಸಾಲಾಗಿ. ಯಾರೂ ಒಳಗೆ ಬಂದಂತಿರಲಿಲ್ಲ. ಆದರೆ ಮನೆಯೊಳಗಿನ ಪೆಟ್ಟಿಗೆಯ ಬಾಗಿಲು ಹೊರಗಿನವರಿಗೆ ಕಂಡದ್ದಾದರೂ ಹೇಗೆ? ಕುಮಟಾಕ್ಕೆ ಹೋಗಿ ರೌಟರ್ ನೋಡಿದೆ. ಒಳಗಿನ ಯಂತ್ರ ಕೇಳಿದರೆ ರೌಟರ್ ತಾನೇ ಬಾಗಿಲು ತೆರೆಯುವ ಯುಪಿಎನ್‌ಪಿ ಚಾಲೂ ಇತ್ತು. "ಫೋನಿನಿಂದ ಎಲ್ಲಿದ್ದರೂ ಫೋಟೋ ನೋಡಿ" ಎಂಬ ಸೌಲಭ್ಯ ಒತ್ತಿದಾಗ ಪೆಟ್ಟಿಗೆ ತಾನೇ ರೌಟರಿಗೆ ಹೇಳಿ ತನ್ನ ಆಡಳಿತ ಪುಟದ ಪೋರ್ಟನ್ನು (ಜಾಲದ ಬಾಗಿಲನ್ನು) ಇಡೀ ಅಂತರ್ಜಾಲಕ್ಕೆ ತೆರೆಸಿತ್ತು. ಪೆಟ್ಟಿಗೆಗೆ ಕಂಪನಿಯಿಂದ ಹೊಸ ಫರ್ಮ್‌ವೇರ್ (ಪೆಟ್ಟಿಗೆಯನ್ನು ಓಡಿಸುವ ಒಳಗಿನ ತಂತ್ರಾಂಶ) ಬರುವುದು ನಿಂತು ವರ್ಷಗಳಾಗಿದ್ದವು.

ಇವೆರಡು ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಬೇಕಷ್ಟಿವೆ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಪೆಟ್ಟಿಗೆಗಳು ಜಗತ್ತಿನಾದ್ಯಂತ ತಾವಾಗಿಯೇ ಫ್ಯಾಕ್ಟರಿ ಸ್ಥಿತಿಗೆ ಹೋಗಿ, ಜನರ ವರ್ಷಗಟ್ಟಲೆಯ ಫೋಟೋಗಳು ಒಂದೇ ರಾತ್ರಿಯಲ್ಲಿ ಅಳಿದವು. ಅವಕ್ಕೆ ಕೊನೆಯ ಫರ್ಮ್‌ವೇರ್ ಬಂದದ್ದು 2015ರಲ್ಲಿ. ಪಾಸ್‌ವರ್ಡ್ ಇಲ್ಲದೆಯೇ ದೂರದಿಂದ ಎಲ್ಲವನ್ನೂ ಅಳಿಸುವ ಆಜ್ಞೆ ಕೊಡಬಹುದಿತ್ತು (ಈ ದೋಷದ ದಾಖಲೆ ಸಂಖ್ಯೆ ಸಿವಿಇ-2021-35941): ಪಾಸ್‌ವರ್ಡ್ ಪರೀಕ್ಷಿಸುವ ಸಾಲುಗಳು ಕೋಡಿನಲ್ಲಿದ್ದವು, ಆದರೆ ಅವನ್ನು ನಿಷ್ಕ್ರಿಯ ಮಾಡಿಡಲಾಗಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಕ್ಯೂನ್ಯಾಪ್ ಕಂಪನಿಯ ಪೆಟ್ಟಿಗೆಗಳಿಗೆ ಕ್ಯೂಲಾಕರ್ ಎಂಬ ಸುಲಿಗೆ ತಂತ್ರಾಂಶ ಬಡಿಯಿತು. ಕಡತಗಳನ್ನು 7-ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ ಕಟ್ಟಿಟ್ಟು 0.01 ಬಿಟ್‌ಕಾಯಿನ್ ಕೇಳಿದರು. 2022ರ ಜನವರಿಯಲ್ಲಿ ಅಂಥದೇ ಡೆಡ್‌ಬೋಲ್ಟ್, ಕೇಳಿದ್ದು 0.03. 2024ರಲ್ಲಿ ಡಿ-ಲಿಂಕ್‌ನ ಕೆಲವು ಹಳೆಯ ನ್ಯಾಸ್‌ಗಳಲ್ಲಿ ಪಾಸ್‌ವರ್ಡ್ ಖಾಲಿ ಇರುವ ಒಂದು ಗುಪ್ತ ಖಾತೆ ಬಯಲಾಯಿತು. ಅವುಗಳ ಕಾಲ ಮುಗಿದಿದೆ, ತಿದ್ದುಪಡಿ ಬರುವುದಿಲ್ಲ, ಬಳಕೆ ನಿಲ್ಲಿಸಿ ಎಂದು ಕಂಪನಿ ಹೇಳಿತು. ಈ ಯಾವ ದಾಳಿಯಲ್ಲೂ ರೇಡ್ ಕಾಯಲಿಲ್ಲ, ಕಾಯಲಾರದು. ಒಂದು ಡಿಸ್ಕಿನಲ್ಲಿ ಅಳಿಸಿದ್ದನ್ನು ಇನ್ನೊಂದರಲ್ಲೂ ಆ ಕ್ಷಣವೇ ಅಳಿಸುವುದೇ ಅದರ ಕೆಲಸ.

ಆ ಪೆಟ್ಟಿಗೆಯನ್ನು ಮತ್ತೆ ಬಳಸಬಾರದೆಂದು ನಿರ್ಧರಿಸಿದ್ದು ಇದರಿಂದಾಗಿ. ಬೋರ್ಡ್ ಇನ್ನೂ ಓಡುತ್ತದೆ, ಹೊಸ ಅಡಾಪ್ಟರಿನಲ್ಲಿ ಚೆನ್ನಾಗಿಯೇ ಎದ್ದಿತು. ತಿದ್ದುಪಡಿ ಸಿಗದ ಯಂತ್ರ ಓಡಿದರೂ ನಂಬಿಕೆಗೆ ಯೋಗ್ಯವಲ್ಲ.

ಹೊಸದು

ಭಾವನ ಹಳೆಯ ಆಫೀಸು ಕಂಪ್ಯೂಟರ್ ಒಂದು ಸುಮ್ಮನೆ ಬಿದ್ದಿತ್ತು. ಅದಕ್ಕೆ ಲಿನಕ್ಸಿನದೇ ಒಂದು ಬಗೆಯಾದ ಡೆಬಿಯನ್ 12 ಹಾಕಿದೆ. ಸುರಕ್ಷತಾ ತಿದ್ದುಪಡಿಗಳು ತಾವಾಗಿ ಇಳಿಯುವಂತೆ ಮಾಡಿದೆ. ಡಿಸ್ಕ್ ಎರಡು ಹೊಸವು, ಎರಡು ಬೇರೆ ಕಂಪನಿಯವು, ಎರಡೂ ಸಿಎಂಆರ್ ಬಗೆಯವು, ಅಂದರೆ ಬರೆಯುವ ಜಾಡುಗಳು ಒಂದರ ಮೇಲೊಂದು ಏರದವು. ಎಸ್‌ಎಂಆರ್ ಬಗೆಯಲ್ಲಿ ಜಾಡುಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಏರಿ ಕೂತಿರುತ್ತವೆ, ನಡುವಿನದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ರೇಡ್ ಮರುಜೋಡಣೆಗೆ ಅದು ಆಗಿಬರುವುದಿಲ್ಲ. ಕೊಳ್ಳುವ ಮುಂಚೆ ಮಾಡೆಲ್ ಸಂಖ್ಯೆ ಹಿಡಿದು ಇದೊಂದನ್ನು ನೋಡಿಕೊಳ್ಳಿ.

ಕಡತವ್ಯವಸ್ಥೆ ಬಿಟಿಆರ್‌ಎಫ್‌ಎಸ್, ರೇಡ್-1. ಎಂಡಿ ಪ್ರತಿಬಿಂಬದಲ್ಲಿ ಎರಡು ಡಿಸ್ಕ್ ಬೇರೆ ಬೇರೆ ಹೇಳಿದರೆ ಯಾವುದು ನಿಜ ಎಂದು ತಿಳಿಯಲು ದಾರಿಯಿಲ್ಲ. ಬಿಟಿಆರ್‌ಎಫ್‌ಎಸ್ ಪ್ರತಿ ಬ್ಲಾಕಿಗೂ ಚೆಕ್‌ಸಮ್ (ತಾಳೆ ನೋಡುವ ಸಂಖ್ಯೆ) ಬರೆದಿಡುತ್ತದೆ, ತಿಂಗಳಿಗೊಮ್ಮೆ ಸ್ಕ್ರಬ್, ಅಂದರೆ ಪೂರ್ತಿ ತಪಾಸಣೆ, ಓಡಿಸಿದರೆ ಕೆಟ್ಟ ಪ್ರತಿಯನ್ನು ಗುರುತಿಸಿ ಒಳ್ಳೆಯದರಿಂದ ಸರಿಮಾಡುತ್ತದೆ. ದಿನಕ್ಕೊಂದು ಓದಲು ಮಾತ್ರ ಸ್ನ್ಯಾಪ್‌ಶಾಟ್, ಆ ಹೊತ್ತಿನ ಕಡತಗಳ ಸ್ಥಿತಿಯನ್ನು ಹಿಡಿದಿಡುವಂಥದ್ದು. ಮನೆಯವರು ಕೈತಪ್ಪಿ ಅಳಿಸಿದ್ದು ವಿಂಡೋಸ್‌ನ "ಹಿಂದಿನ ಆವೃತ್ತಿಗಳು" ಪಟ್ಟಿಯಲ್ಲೇ ಸಿಗುವಂತೆ ಸಾಂಬಾವನ್ನು (ವಿಂಡೋಸ್ ಯಂತ್ರಗಳಿಗೆ ಕಡತ ಹಂಚುವ ತಂತ್ರಾಂಶ) ಹೊಂದಿಸಿದೆ.

ಟಿವಿ ಪಕ್ಕದ ಹಳೆಯ ಮೀಡಿಯಾ ಪ್ಲೇಯರ್ ತಕರಾರು ತೆಗೆಯಿತು. ಕಡತ ಹಂಚಿಕೆಯ ಭಾಷೆಗಳಲ್ಲಿ ಅದಕ್ಕೆ ಗೊತ್ತಿರುವುದು ಹಳೆಯ ಎಸ್‌ಎಂಬಿ 1 ಮಾತ್ರ. 2017ರ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹಬ್ಬಿದ್ದು ವಿಂಡೋಸಿನ ಎಸ್‌ಎಂಬಿ 1ರ ತೂತಿನಿಂದ. ಸಾಂಬಾ 2019ರ 4.11ರಿಂದ ಆ ಹಳೆಯ ಮಾತುಕತೆಯನ್ನು ತಾನಾಗಿಯೇ ಮುಚ್ಚಿಟ್ಟಿದೆ. ಒಂದು ಪ್ಲೇಯರ್‌ಗಾಗಿ ಅದನ್ನು ತೆರೆಯಲಿಲ್ಲ. ಬದಲಿಗೆ ಹಾಡು, ವಿಡಿಯೋದ ಫೋಲ್ಡರ್ ಮಾತ್ರ ಡಿಎಲ್‌ಎನ್‌ಎ (ಮನೆಯ ಜಾಲದಲ್ಲಿ ಹಾಡು, ಚಿತ್ರ ಹಂಚುವ ವಿಧಾನ) ಮೂಲಕ ಕೊಟ್ಟೆ. ಪ್ಲೇಯರ್ ಅದನ್ನು ನುಡಿಸಬಲ್ಲದು, ಅಳಿಸಲಾರದು.

ರೌಟರಿನಲ್ಲಿ ಯುಪಿಎನ್‌ಪಿ ಬಂದ್. ಹೊರಗಿನಿಂದ ಬರಲು ವೈರ್‌ಗಾರ್ಡ್ ಎಂಬ ಗೂಢಲಿಪಿಯ ಸುರಂಗ ಒಂದೇ ದಾರಿ, ಒಂದೇ ಯುಡಿಪಿ ಪೋರ್ಟ್. ಸರಿಯಾದ ಕೀಲಿ ಇಲ್ಲದವರು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ, ಅಲ್ಲಿ ಏನಾದರೂ ಇದೆಯೆಂದೇ ತಿಳಿಯುವುದಿಲ್ಲ. ಬೆಂಗಳೂರಿನಲ್ಲಿರುವ ಅಕ್ಕನ ಮಗಳ ಫೋನಿಗೆ ಒಂದು ಕ್ಯೂಆರ್ ತೋರಿಸಿದ್ದಷ್ಟೇ ಕೆಲಸ. ನಿಮ್ಮ ಫೈಬರ್ ಸಂಪರ್ಕದಲ್ಲಿ ರೌಟರಿನ ಹೊರಗಿನ ಐಪಿ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಅದು ಹಲವು ಮನೆಗಳಿಗೆ ಸೇರಿದ ಹಂಚಿಕೆಯ ವಿಳಾಸ, ಈ ಪೋರ್ಟ್ ಹೊರಗೆ ಕಾಣುವುದಿಲ್ಲ. ಅಂಥಲ್ಲಿ ವೈರ್‌ಗಾರ್ಡ್ ಮೇಲೆಯೇ ಕಟ್ಟಿದ ಟೇಲ್‌ಸ್ಕೇಲ್ ನಡೆಯುತ್ತದೆ.

ಜಾಗ ಬದಲಾಯಿತು: ಕಿಟಕಿಯ ಕಪಾಟಿನಿಂದ ಒಳಕೋಣೆಗೆ, ನೆಲದಿಂದ ಎತ್ತರಕ್ಕೆ. ಕನೆಕ್ಟರ್‌ಗಳನ್ನು ಮಳೆಗಾಲಕ್ಕೆ ಮುಂಚೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಬೇಕು. ಆಟಿ ತಿಂಗಳ ಮಳೆಯಲ್ಲಿ ವಾರಗಟ್ಟಲೆ ಬಂದ್ ಮಾಡಿಡುವುದಕ್ಕಿಂತ ಓಡುತ್ತಲೇ ಇರುವುದು ಮೇಲು. ಬೆಚ್ಚಗಿರುವ ಯಂತ್ರದಲ್ಲಿ ಪಸೆ ಕೂರುವುದಿಲ್ಲ. ಇನ್ವರ್ಟರ್ ಇದ್ದರೂ ಬೇರೆಯೇ ಒಂದು ಚಿಕ್ಕ ಯುಪಿಎಸ್ ಹಾಕಿಸಿ, ಯುಎಸ್‌ಬಿ ತಂತಿ ಜೋಡಿಸಿ, ಬ್ಯಾಟರಿ ಇಳಿದಾಗ ಕಂಪ್ಯೂಟರ್ ತಾನಾಗಿ ಶಟ್‌ಡೌನ್ ಆಗುವಂತೆ ಎನ್‌ಯುಟಿ ಎಂಬ ತಂತ್ರಾಂಶ ಹೊಂದಿಸಿದೆ. ಭಾವನ ಎದುರೇ ಪ್ಲಗ್ ಕಿತ್ತು ಪರೀಕ್ಷಿಸಿದ್ದಾಯಿತು. ಡಿಸ್ಕಿನ ಆರೋಗ್ಯ, ಸ್ಕ್ರಬ್, ಯುಪಿಎಸ್, ಮೂರರ ಸುದ್ದಿಯೂ ಈಗ ಭಾವನ ಫೋನಿಗೂ ನನ್ನ ಫೋನಿಗೂ ಬರುತ್ತದೆ. ಎಲ್ಲ ಸರಿಯಿದ್ದರೂ ವಾರಕ್ಕೊಂದು ಸಂದೇಶ ಬರುತ್ತದೆ. ಅದು ಬಾರದಿದ್ದರೆ ಏನೋ ಕೆಟ್ಟಿದೆ ಎಂದರ್ಥ.

ಘಟ್ಟದ ಮೇಲಿನ ಪ್ರತಿ

ಪೂರ್ತಿ ಬೇರೆಯಾದ ಪ್ರತಿ ಶಿರಸಿಯಲ್ಲಿ, ನನ್ನ ಮನೆಯಲ್ಲಿ. ಮೊದಲ ಸಲದ್ದನ್ನು ಜಾಲದಲ್ಲಿ ಕಳಿಸದೆ ಡಿಸ್ಕನ್ನೇ ದೇವಿಮನೆ ಘಟ್ಟದ ಮೇಲೆ ತಂದೆ. ಈಗ ಪ್ರತಿ ರಾತ್ರಿ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಹೊಸದನ್ನು ಮಾತ್ರ ಗೂಢಲಿಪಿಯಲ್ಲಿ ಕಳಿಸುತ್ತದೆ. ಶಿರಸಿಯ ಕಡೆ ಸೇರಿಸಲು ಮಾತ್ರ ಅನುಮತಿ: ಕುಮಟಾದ ಯಂತ್ರವನ್ನು ಯಾರಾದರೂ ವಶಪಡಿಸಿಕೊಂಡರೂ ಇಲ್ಲಿನ ಹಳೆಯದನ್ನು ಅಳಿಸಲಾಗುವುದಿಲ್ಲ. ಹಳೆಯದನ್ನು ತೆಗೆದುಹಾಕುವ ಕೆಲಸ ಶಿರಸಿಯಲ್ಲಿ ಕೂತು ನಾನೇ ಮಾಡಬೇಕು. ಇದಲ್ಲದೆ ಇನ್ನೊಂದು ಯುಎಸ್‌ಬಿ ಡಿಸ್ಕ್, ಬ್ಯಾಕಪ್ ಹೊತ್ತಲ್ಲಿ ಬಿಟ್ಟರೆ ತಂತಿಯಿಂದ ಬೇರೆಯಾಗಿಯೇ ಇರುತ್ತದೆ. ರೆಸ್ಟಿಕ್‌ನ ಪಾಸ್‌ವರ್ಡ್ ಕಳೆದರೆ ಯಾರೂ ತೆರೆಯಲಾರರು, ಹಾಗಾಗಿ ಕಾಗದದಲ್ಲಿ ಬರೆದು ಅಕ್ಕನಿಗೆ ಕೊಟ್ಟೆ. ಆಸ್ತಿಯ ಕಾಗದಪತ್ರಗಳ ಜೊತೆ ಇಟ್ಟಿದ್ದಾಳೆ.

ಬ್ಯಾಕಪ್ ಸರಿಯಿದೆಯೆಂದು ಒಪ್ಪಿಕೊಂಡದ್ದು ಮರಳಿ ಪಡೆದು ನೋಡಿದ ಮೇಲೆ. ಶಿರಸಿಯ ಪ್ರತಿಯಿಂದ ಕಣ್ಣುಮುಚ್ಚಿ ಆರಿಸಿದ ಕೆಲವು ಮುದ್ರಣಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ಇಳಿಸಿ, ಮೂಲದ ಚೆಕ್‌ಸಮ್‌ಗೆ ತಾಳೆ ಹಾಕಿದೆ. ಒಂದನ್ನು ಫೋನಿನಲ್ಲಿ ಭಾವನಿಗೂ ಕೇಳಿಸಿದೆ. "ಅಡ್ಡಿಲ್ಲೆ" ಎಂದರು, ಪದ್ಯ ಮುಗಿಯುವ ತನಕ ಫೋನ್ ಇಡಲಿಲ್ಲ.

ಹಳೆಯ ಡಿಸ್ಕ್‌ಗಳನ್ನು ಇದೆಲ್ಲ ಮುಗಿಯುವವರೆಗೆ ಮುಟ್ಟಿರಲಿಲ್ಲ. ಬಲದ್ದನ್ನು ಸಾಟಾದ ಸೆಕ್ಯೂರ್ ಇರೇಸ್ ಆಜ್ಞೆಯಿಂದ ಒರೆಸಿ ಪ್ರಯೋಗಕ್ಕೆ ಇಟ್ಟುಕೊಂಡೆ. ಎಡದ್ದನ್ನು ಹಾಗೆ ಬಿಡುವಂತಿಲ್ಲ: ಕೆಟ್ಟ ಡಿಸ್ಕ್ ಬದಲಿ ಜಾಗಕ್ಕೆ ತಳ್ಳಿದ ಹಳೆಯ ಸೆಕ್ಟರ್‌ಗಳ ಮೇಲೆ ಮಾಮೂಲಿ ಬರವಣಿಗೆ ಹೋಗುವುದೇ ಇಲ್ಲ, ಪಹಣಿ, ಆಧಾರ್, ಬ್ಯಾಂಕ್ ಕಾಗದಗಳ ಸ್ಕ್ಯಾನ್‌ಗಳೂ ಅದರಲ್ಲಿದ್ದವು. ಮುಚ್ಚಳ ಬಿಚ್ಚಿ, ತಟ್ಟೆಗಳಿಗೆ ಡ್ರಿಲ್‌ನಿಂದ ತೂತು ಹೊಡೆದು, ಆಮೇಲೆ ಗುಜರಿಗೆ ಕೊಟ್ಟೆ.